ಎತ್ತಿನಂಥ ಹಸಿವು

ಬುಲಿಮಿಯಾ ಅನ್ನೋ ಪದ ಬಂದದ್ದು ಗ್ರೀಕ್ ಭಾಷೆಯಿಂದ. ಎತ್ತು ಮತ್ತು ಹಸಿವು, ಈ ಎರಡು ಪದ ಸೇರಿ ಆದದ್ದು. ಎತ್ತಿನಂಥ ಹಸಿವು! ನಮ್ಮ ಆಯುರ್ವೇದದವರು ಎಷ್ಟು ತಿಂದರೂ ತೀರದ ಹಸಿವಿಗೆ ಭಸ್ಮಕ ಅಂತ ಹೆಸರಿಟ್ಟು, ಜಠರಾಗ್ನಿ ಮಿತಿಮೀರಿ ಉರಿಯುವುದೇ ಅದಕ್ಕೆ ಕಾರಣ ಅಂದರು. ಒಟ್ಟಿನಲ್ಲಿ ಹಸಿವಿನ ಸಮಸ್ಯೆ ಹೊಟ್ಟೆಯದ್ದು. ಆದರೆ 1970ರ ದಶಕದಲ್ಲಿ ಅದೇ ಗ್ರೀಕ್ ಪದ ಕಾಲೇಜು ಹುಡುಗಿಯರ ಒಂದು ಗುಟ್ಟಿನ ಸಂಕಟಕ್ಕೆ ಹೆಸರಾಯಿತು. ಆಗ ವೈದ್ಯರು ಹೊಟ್ಟೆಯನ್ನು ಬಿಟ್ಟು ಮನಸ್ಸಿನ ಕಡೆ ನೋಡಬೇಕಾಯಿತು. ಆ ಕತೆ ಹೇಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆದೀತು, ಬೇಜಾರು ಮಾಡ್ಕೋಬೇಡಿ.

ಕತೆಯ ಮೊದಲ ಪಾತ್ರವೂ ಓದುವ ಹುಡುಗಿಯೇ. 1689ರಲ್ಲಿ ರಿಚರ್ಡ್ ಮಾರ್ಟನ್ ಅನ್ನೋ ಇಂಗ್ಲಿಷ್ ವೈದ್ಯ ಕ್ಷಯದ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ. ಅದರಲ್ಲಿ ಹದಿನೆಂಟರ ಹರೆಯದ ಹುಡುಗಿಯೊಬ್ಬಳ ವಿವರ ಬರುತ್ತೆ. ರಾತ್ರಿ ಹಗಲು ಪುಸ್ತಕ ಹಿಡಿದು ಕೂರುವವಳು. ಊಟ ಸೇರದೆ ಚರ್ಮ ಎಲುಬಿಗೆ ಅಂಟಿಕೊಂಡಿತ್ತು. ಆದರೆ ಜ್ವರವಿಲ್ಲ, ಕೆಮ್ಮಿಲ್ಲ, ಕ್ಷಯದ ಲಕ್ಷಣ ಒಂದೂ ಇಲ್ಲ. ಇದರ ಮೂಲ ದುಃಖ, ಚಿಂತೆಗಳಲ್ಲಿದೆ ಅಂತ ಮಾರ್ಟನ್ ಊಹಿಸಿದ. ಹುಡುಗಿ ಔಷಧಿ ಬೇಡ ಅಂದಳು, ಕೆಲವೇ ತಿಂಗಳಲ್ಲಿ ತೀರಿಕೊಂಡಳು. ಮುಂದೆ 1873-74ರಲ್ಲಿ ಪ್ಯಾರಿಸ್‌ನ ಲಾಸೆಗ್, ಲಂಡನ್ನಿನ ವಿಲಿಯಂ ಗಲ್ ಇಬ್ಬರೂ ಇಂಥ ರೋಗಿಗಳ ಬಗ್ಗೆ ಬೇರೆ ಬೇರೆಯಾಗಿ ಬರೆದರು. ಗಲ್ ಕೊಟ್ಟ 'ಅನೊರೆಕ್ಸಿಯಾ ನರ್ವೋಸಾ' ಅನ್ನೋ ಹೆಸರು ಉಳಿದುಕೊಂಡಿತು. ಅನೊರೆಕ್ಸಿಯಾ ಅಂದ್ರೆ ಹಸಿವಿಲ್ಲದಿರುವುದು. ಹೆಸರೇನೋ ಹಾಗೆ, ಆದರೆ ಈ ಕಾಯಿಲೆಯ ಎಷ್ಟೋ ಮಂದಿಗೆ ಹಸಿವು ಇದ್ದೇ ಇರುತ್ತೆ. ಅವರು ಅದರ ಜತೆ ದಿನವಿಡೀ ಗುದ್ದಾಡುತ್ತಿರುತ್ತಾರೆ.

ಆ ಗುದ್ದಾಟ ಮನಸ್ಸಿಗೆ ಏನು ಮಾಡುತ್ತೆ ಅಂತ ಗೊತ್ತಾದದ್ದು ಯುದ್ಧದ ಕಾಲದಲ್ಲಿ, ಅದೂ ಗಂಡಸರಿಂದ. ಎರಡನೇ ಮಹಾಯುದ್ಧದ ಕೊನೆಗೆ ಯುರೋಪಿನಲ್ಲಿ ಹಸಿದವರಿಗೆ ಮತ್ತೆ ಹೇಗೆ ಉಣಿಸಬೇಕು ಅಂತ ತಿಳಿಯಲು ಮಿನೆಸೋಟ ವಿಶ್ವವಿದ್ಯಾಲಯದ ಆನ್ಸೆಲ್ ಕೀಸ್ 1944-45ರಲ್ಲಿ ಒಂದು ಪ್ರಯೋಗ ಮಾಡಿದ. ಬಂದೂಕು ಹಿಡಿಯಲು ಒಪ್ಪದ 36 ತರುಣರು ತಾವಾಗಿಯೇ ಮುಂದೆ ಬಂದರು. ದೇಹ, ಮನಸ್ಸು ಎರಡೂ ಗಟ್ಟಿ ಇದ್ದವರನ್ನೇ ಆರಿಸಿದ್ದು. ವಿಶ್ವವಿದ್ಯಾಲಯದ ಕ್ರೀಡಾಂಗಣದ ಕೆಳಗಿನ ಕೋಣೆಗಳಲ್ಲಿ ವಾಸ. ಆರು ತಿಂಗಳು ಅರೆಹೊಟ್ಟೆ.

ಮೈ ಕರಗಿದ್ದು ನಿರೀಕ್ಷಿತವೇ. ಮನಸ್ಸಿಗೆ ಆದದ್ದು ನೋಡಿ. ಶಾಂತ ಸ್ವಭಾವದವರು ಸಣ್ಣ ಮಾತಿಗೆ ರೇಗತೊಡಗಿದರು. ಮಂಕು ಕವಿಯಿತು. ಗೆಳೆಯರು ಬೇಡವಾದರು. ಎಚ್ಚರವಿದ್ದಷ್ಟು ಹೊತ್ತೂ ಊಟದ್ದೇ ಯೋಚನೆ. ಅಡುಗೆ ಪುಸ್ತಕ ಓದುವುದು, ತಟ್ಟೆ ನೆಕ್ಕುವುದು ಎಲ್ಲ ಶುರುವಾಯಿತು. ಪ್ರಯೋಗ ಮುಗಿದು ಬೇಕಾದಷ್ಟು ತಿನ್ನಬಹುದು ಅಂದಾಗ ಕೆಲವರಿಗೆ ನಿಲ್ಲಿಸಲಿಕ್ಕೇ ಆಗಲಿಲ್ಲ, ಹೊಟ್ಟೆ ಬಿರಿಯುವಷ್ಟು ತಿಂದರೂ ತೃಪ್ತಿ ಇಲ್ಲ. ಅಂದರೆ ಮನಸ್ಸು ಕೆಟ್ಟರೆ ಊಟ ಕೆಡುವ ಹಾಗೆ, ಊಟ ಕೆಟ್ಟರೂ ಮನಸ್ಸು ಕೆಡುತ್ತೆ. ಯಾರ ಮೇಲೂ 'ಮನಸ್ಸು ಗಟ್ಟಿ ಇಲ್ಲ' ಅಂತ ಆರೋಪ ಹೊರಿಸುವ ಮೊದಲು ಈ 36 ಜನರನ್ನು ನೆನೆಸಿಕೊಳ್ಳಬೇಕು ಅಂತ ನನಗನ್ನಿಸುತ್ತೆ.

ಇನ್ನೊಂದು ಎಳೆ ಹಿಡಿದವಳು ಹಿಲ್ಡೆ ಬ್ರುಕ್. ಜರ್ಮನಿಯ ಯಹೂದಿ ವೈದ್ಯೆ. 1933ರಲ್ಲಿ ದೇಶ ಬಿಟ್ಟು, ಆಮೇಲೆ ಅಮೆರಿಕದಲ್ಲಿ ನೆಲೆ ನಿಂತಳು. ಊಟ ಬಿಟ್ಟವರನ್ನೂ ವಿಪರೀತ ತಿನ್ನುವವರನ್ನೂ ವರ್ಷಗಟ್ಟಲೆ ಕೂತು ಕೇಳಿಸಿಕೊಂಡವಳು. ಆಕೆ ಹೇಳಿದ್ದು ಇಷ್ಟು: ಒಳಗೆ ಆಗುತ್ತಿರುವುದು ಹಸಿವೋ, ಭಯವೋ, ಸಿಟ್ಟೋ, ಒಂಟಿತನವೋ ಅಂತ ಇವರಿಗೆ ಗೊತ್ತಾಗುವುದೇ ಇಲ್ಲ. ಮಗು ಯಾಕೆ ಅತ್ತರೂ ಬಾಯಿಗೆ ತುತ್ತು ಇಟ್ಟರೆ, ತನ್ನ ಅಳುವಿನ ಅರ್ಥ ಅದಕ್ಕೆ ತಿಳಿಯುವುದಾದರೂ ಹೇಗೆ? ತಾಯಂದಿರ ಮೇಲೆ ಇಷ್ಟೆಲ್ಲಾ ಹೊಣೆ ಹೊರಿಸುವುದನ್ನು ಈಗಿನವರು ಒಪ್ಪುವುದಿಲ್ಲ. ವಂಶವಾಹಿಯ ಪಾಲೂ ಇದೆ ಅಂತ ಆಮೇಲೆ ಗೊತ್ತಾಗಿದೆ. ಆದರೆ ಭಾವನೆ ಗುರುತು ಹಿಡಿಯಲಾಗದ ಕಷ್ಟ ಅಂದಳಲ್ಲ, ಆ ಮಾತು ನಿಂತಿತು.

ಇನ್ನು ಕಾಲೇಜಿಗೆ ಬರೋಣ. ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಆಪ್ತ ಸಲಹೆ ಕೊಡುತ್ತಿದ್ದ ಮಾರ್ಲೀನ್ ಬೋಸ್ಕಿಂಡ್-ಲೋಡಾಲ್ 1976ರಲ್ಲಿ ಒಂದು ಲೇಖನ ಬರೆದಳು. ಅವಳ ಹತ್ತಿರ ಬರುತ್ತಿದ್ದವರು ಜಾಣೆಯರು, ಒಳ್ಳೆ ಅಂಕ ತೆಗೆಯುವವರು, ನೋಡಲು ಆರೋಗ್ಯವಾಗೇ ಇದ್ದವರು. ಕೆಲವು ದಿನ ಕಟ್ಟುನಿಟ್ಟು ಉಪವಾಸ, ಆಮೇಲೆ ಒಂದು ದಿನ ಬಾಗಿಲು ಹಾಕಿಕೊಂಡು ಮೈಮರೆತು ತಿನ್ನುವುದು, ಬಳಿಕ ನಾಚಿಕೆ, ತಿಂದದ್ದನ್ನು ಹೊರಹಾಕುವ ಒದ್ದಾಟ. ಪ್ರತಿಯೊಬ್ಬಳಿಗೂ ಲೋಕದಲ್ಲಿ ತಾನೊಬ್ಬಳೇ ಹೀಗೆ ಅನ್ನೋ ನಂಬಿಕೆ! 1979ರಲ್ಲಿ ಲಂಡನ್ನಿನ ಮನೋವೈದ್ಯ ಜೆರಾಲ್ಡ್ ರಸೆಲ್ 30 ರೋಗಿಗಳ ವಿವರ ಪ್ರಕಟಿಸಿ 'ಬುಲಿಮಿಯಾ ನರ್ವೋಸಾ' ಅಂತ ಹೆಸರಿಟ್ಟ. ಮರುವರ್ಷವೇ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಬುಲಿಮಿಯಾ ಸೇರಿತು.

ಅದೇ 1980ರಲ್ಲಿ ಇಂಗ್ಲೆಂಡಿನ ಸಂಶೋಧಕರು ಕಾಸ್ಮೊಪಾಲಿಟನ್ ಪತ್ರಿಕೆಯಲ್ಲಿ ಪುಟ್ಟದೊಂದು ಪ್ರಕಟಣೆ ಹಾಕಿಸಿದರು, ಹೀಗೆ ಆಗುತ್ತಿರುವವರು ಬರೆಯಿರಿ ಅಂತ. ನೂರಾರು ಪತ್ರ ಬಂದವು. ಸುಮಾರು 500 ಹೆಂಗಸರಲ್ಲಿ ಕಾಯಿಲೆಯ ಲಕ್ಷಣ ಪೂರ್ತಿ ಇತ್ತು. ಚಿಕಿತ್ಸೆ ಪಡೆಯುತ್ತಿದ್ದವರು ಬೆರಳೆಣಿಕೆಯಷ್ಟು. ಹೆಸರೊಂದು ಸಿಕ್ಕಿದ ಕೂಡಲೇ ಎಷ್ಟು ಜನ ಬಾಯಿಬಿಟ್ಟರು ನೋಡಿ!

ಆಮೇಲೆ ಎಣಿಕೆಯ ಭರಾಟೆ. 1981ರಲ್ಲಿ ಪ್ರಕಟವಾದ ಅಮೆರಿಕದ ಒಂದು ಕಾಲೇಜಿನ ಸಮೀಕ್ಷೆ ಶೇ. 13ರಷ್ಟು ವಿದ್ಯಾರ್ಥಿಗಳಿಗೆ ಬುಲಿಮಿಯಾ ಲಕ್ಷಣ ಇದೆ ಅಂದಿತು. ಅಳತೆಗೋಲು ಬಿಗಿ ಮಾಡಿದ ಮೇಲೆ, 1990ರ ಹೊತ್ತಿಗೆ ತರುಣಿಯರಲ್ಲಿ ಶೇ. 1ರ ಸುಮಾರಿಗೆ ಇಳಿಯಿತು. ಕಾಯಿಲೆ ಅನ್ನಿಸಿಕೊಳ್ಳದೆ, ಆದರೂ ಊಟದ ಜತೆ ಜಗಳ ಆಡುತ್ತಲೇ ದಿನ ಕಳೆಯುವವರು ಇದಕ್ಕಿಂತ ಎಷ್ಟೋ ಹೆಚ್ಚು.

ನಾನು ಹಾಸ್ಟೆಲಿನಲ್ಲಿ ಇದ್ದಾಗ ನಮ್ಮ ಮಹಡಿಯಲ್ಲೊಬ್ಬಳು ಇದ್ದಳು. ಇಂಟರ್ನಲ್ಸ್ ಬಂತು ಅಂದರೆ ಮೆಸ್ಸಿಗೆ ಬರುತ್ತಿರಲಿಲ್ಲ. ಮಾರ್ಕ್ಸ್ ಬಂದ ರಾತ್ರಿ ಮನೆಯಿಂದ ತಂದ ಡಬ್ಬಿಯ ಚಕ್ಕುಲಿ, ಕೊಬ್ಬರಿ ಮಿಠಾಯಿ ಪೂರ್ತಿ ಖಾಲಿ. ಮರುದಿನ ಮತ್ತೆ ಉಪವಾಸ. ಮೆಸ್ಸಿನ ಭಟ್ಟರು "ಏನಮ್ಮಾ, ಇವತ್ತು ಏಕಾದಶಿಯಾ?" ಅಂತ ನಗುತ್ತಿದ್ದರು. ವಾರ್ಡನ್ "ಡಯಟ್ ಹುಚ್ಚು" ಅಂದರು. ಮನೆಯವರು "ಸೊಕ್ಕು" ಅಂದರು. ಒಬ್ಬರೂ "ಏನಾಯ್ತಮ್ಮಾ?" ಅನ್ನಲಿಲ್ಲ. ಅವಳಿಗೆ ಇದ್ದದ್ದು ಕಾಯಿಲೆಯೋ ಅಲ್ಲವೋ, ಹೇಳೋಕೆ ನಾನು ಡಾಕ್ಟರಲ್ಲ. ಪ್ರಶ್ನೆ ಕೇಳುವವರೇ ಇರಲಿಲ್ಲ ಅನ್ನೋದಷ್ಟೇ ನನ್ನ ಮಾತು.

ಆ ಪ್ರಶ್ನೆಯನ್ನು ಮನಶ್ಶಾಸ್ತ್ರಜ್ಞರು ಸರಿಯಾಗಿ ಕೇಳಲು ಕಲಿತದ್ದು ಈಚೆಗೆ. 1991ರಲ್ಲಿ ಹೆದರ್ಟನ್ ಮತ್ತು ಬಾಮೈಸ್ಟರ್ ಎಂಬಿಬ್ಬರು, ಹೀಗೆ ಒಂದೇ ಸಮನೆ ತಿನ್ನುವುದು ತನ್ನಿಂದ ತಾನು ತಪ್ಪಿಸಿಕೊಳ್ಳುವ ದಾರಿ ಅಂತ ವಾದಿಸಿದರು. ತನ್ನ ಮೇಲೆ ತಾನೇ ವಿಪರೀತ ನಿರೀಕ್ಷೆ ಇಟ್ಟು, ಸೋತಾಗ ಆ ನೋವು ತಾಳಲಾರದೆ, ತಟ್ಟೆಯೊಂದನ್ನು ಬಿಟ್ಟು ಬೇರೇನೂ ಕಾಣದಂತೆ ಮನಸ್ಸನ್ನು ಕಿರಿದು ಮಾಡಿಕೊಳ್ಳುವುದು. ಆ ಗಳಿಗೆಗೆ ನೆಮ್ಮದಿ ಸಿಗುತ್ತೆ, ಆಮೇಲೆ ದುಪ್ಪಟ್ಟು ಸಂಕಟ. 2004ರಲ್ಲಿ ಕಿಮ್ ಗ್ರಾಟ್ಜ್ ಮತ್ತು ಲಿಜಬೆತ್ ರೋಮರ್ ಭಾವನೆ ನಿಭಾಯಿಸುವ ಕಷ್ಟ ಅಳೆಯಲು 36 ಹೇಳಿಕೆಗಳ ಪ್ರಶ್ನಾವಳಿ ಮಾಡಿದರು, ಅದೂ ಕಾಲೇಜು ವಿದ್ಯಾರ್ಥಿಗಳ ಮೇಲೆಯೇ. ಅದರಲ್ಲಿ ಭಾವನೆಯನ್ನು ಅದುಮಿಡುವುದು ಜಾಣತನ ಅಂತಿಲ್ಲ. ಭಾವನೆಯನ್ನು ಗಮನಿಸ್ತೀಯಾ, ಇಂಥದ್ದೇ ಅಂತ ಗುರುತಿಸ್ತೀಯಾ, ಬಂದದ್ದಕ್ಕೆ ನಿನ್ನನ್ನೇ ಬೈದುಕೊಳ್ಳದೆ ಇರ್ತೀಯಾ, ಮನಸ್ಸು ಕೆಟ್ಟಾಗಲೂ ಕೆಲಸ ಮಾಡ್ತೀಯಾ, ದುಡುಕದೆ ಇರ್ತೀಯಾ, ಸಮಾಧಾನಕ್ಕೆ ದಾರಿ ಇದೆ ಅಂತ ನಂಬ್ತೀಯಾ? ಹೀಗೆ ಆರು ಮುಖ. ಇದರಲ್ಲಿ ಕಷ್ಟಪಡುವವರಿಗೆ ಊಟದ ತೊಂದರೆಯೂ ಹೆಚ್ಚು ಅಂತ ಆಮೇಲೆ ಹಲವು ಅಧ್ಯಯನಗಳು ತೋರಿಸಿವೆ. ಯಾವುದು ಮೊದಲು ಅನ್ನೋ ಪ್ರಶ್ನೆಗೆ ಮಿನೆಸೋಟದ ಪಾಠ ಇದ್ದೇ ಇದೆಯಲ್ಲ, ಎರಡೂ ಒಂದನ್ನೊಂದು ಎಳೆಯುತ್ತವೆ.

ಹಾಗಾಗಿ ಚಿಕಿತ್ಸೆಯೂ ಎರಡು ಕಡೆಯಿಂದ. ಹೊತ್ತು ಹೊತ್ತಿಗೆ ಉಣ್ಣುವುದನ್ನು ಮತ್ತೆ ರೂಢಿಸುವುದು ಒಂದು. ಕಷ್ಟದ ಭಾವನೆಯನ್ನು ತಡೆದುಕೊಳ್ಳಲು ಕಲಿಯುವುದು ಇನ್ನೊಂದು. ಇದರಿಂದ ಗುಣವಾದವರು ಬೇಕಾದಷ್ಟು ಮಂದಿ ಇದ್ದಾರೆ.

ನನಗೆ ವಿಚಿತ್ರ ಅನ್ನಿಸೋದು ಇದು. ಸಂಶೋಧಕರಿಗೆ ಶತಮಾನಗಳು ಹಿಡಿದ ಈ ನಂಟು ಕನ್ನಡದಲ್ಲಿ ಮೊದಲೇ ಇದೆ. ನಾವು ದುಃಖ ನುಂಗುತ್ತೇವೆ, ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳುತ್ತೇವೆ, ಅಸೂಯೆಗೆ ಹೊಟ್ಟೆಕಿಚ್ಚು ಅನ್ನುತ್ತೇವೆ, ಮಕ್ಕಳಿಗೆ "ಅನ್ನದ ಮೇಲೆ ಸಿಟ್ಟು ತೋರಿಸಬೇಡ" ಅನ್ನುತ್ತೇವೆ. ಸಿಟ್ಟನ್ನು ಮತ್ತೆಲ್ಲಿ ತೋರಿಸಬೇಕು ಅಂತ ಮಾತ್ರ ಹೇಳಿಕೊಡೋದಿಲ್ಲ!

ನಿಮ್ಮ ಮನೆಯ ಮಕ್ಕಳು ಹಾಸ್ಟೆಲಿನಲ್ಲಿ, ಪೀಜಿಯಲ್ಲಿ ಇರಬಹುದು. ಫೋನ್ ಮಾಡಿದಾಗ "ಊಟ ಆಯ್ತಾ?" ಅಂತ ಕೇಳಿಯೇ ಕೇಳ್ತೀರಿ. ಅದರ ಹಿಂದೆಯೇ "ಮನಸ್ಸು ಹೇಗಿದೆ?" ಅಂತಲೂ ಕೇಳಿ. ತೂಕದ ಮಾತು, ಮೈಕಟ್ಟಿನ ತಮಾಷೆ ಬೇಡ, ಹೊಗಳಿಕೆಯಾದರೂ ಬೇಡ. ತೊಂದರೆ ಇದೆ ಅನ್ನಿಸಿದರೆ ಡಾಕ್ಟರ ಹತ್ತಿರ ಹೋಗಲು ತಡ ಮಾಡಬೇಡಿ, ಇದು ಪ್ರಾಣಕ್ಕೂ ಅಪಾಯ ತರಬಹುದಾದ ಕಾಯಿಲೆ. 2022ರಲ್ಲಿ ಶುರುವಾದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಅಂದ ಹಾಗೆ, ನಿಮ್ಮ ಕಡೆ ಹೊಟ್ಟೆಯನ್ನೂ ಮನಸ್ಸನ್ನೂ ಹೀಗೆ ಒಟ್ಟಿಗೆ ಕಟ್ಟುವ ಮಾತುಗಳು ಇನ್ನೇನಿವೆ? ಧಾರವಾಡ, ಮಂಗಳೂರು, ಕಲಬುರಗಿ ಕಡೆಯವರು ದಯವಿಟ್ಟು ಬರೆದು ತಿಳಿಸಿ. ಪಟ್ಟಿ ಮಾಡಬೇಕು ಅಂತಿದ್ದೀನಿ.