ತೊಂಬತ್ಮೂರು ಸಹಿ, ನಾಲ್ಕು ಸಹಿ

ವಿದ್ಯಾವಂತರ, ಅದರಲ್ಲೂ ವಿಜ್ಞಾನಿಗಳ ಮಾತಿಗೆ ನಾವು ಬೇಗ ತಲೆದೂಗುತ್ತೇವೆ. ಎಲ್ಲವನ್ನೂ ಅಳೆದು ತೂಗಿ ನೋಡುವವರು ರಾಜಕೀಯದಲ್ಲೂ ಹಾಗೆಯೇ ನಡೆಯುತ್ತಾರೆಂಬ ನಂಬಿಕೆ ನಮ್ಮದು. ಜರ್ಮನಿಯ ಚರಿತ್ರೆ ಬೇರೆಯದನ್ನೇ ಹೇಳುತ್ತದೆ.

ಮೊದಲ ಮಹಾಯುದ್ಧ ಆರಂಭವಾದ 1914ರ ಅಕ್ಟೋಬರಿನಲ್ಲಿ ಅಲ್ಲಿನ 93 ಮಂದಿ ವಿದ್ವಾಂಸರು, ಕಲಾವಿದರು ಒಂದು ಹೇಳಿಕೆಗೆ ಸಹಿ ಮಾಡಿದರು. ಬೆಲ್ಜಿಯಂನಲ್ಲಿ ತಮ್ಮ ಸೈನ್ಯ ಯಾವ ತಪ್ಪನ್ನೂ ಮಾಡಿಲ್ಲವೆಂಬುದು ಅದರ ಸಾರ. ಎಕ್ಸ್-ರೇ ಕಂಡುಹಿಡಿದ ರಾಂಟ್‌ಜನ್, ಕ್ವಾಂಟಂ ಸಿದ್ಧಾಂತದ ಮ್ಯಾಕ್ಸ್ ಪ್ಲಾಂಕ್, ರಸಾಯನ ವಿಜ್ಞಾನಿ ಫ್ರಿಟ್ಜ್ ಹೇಬರ್ ಅದರಲ್ಲಿದ್ದರು. ಇದಕ್ಕೆ ಎದುರಾಗಿ, ಯುರೋಪು ಒಂದಾಗಬೇಕೆಂದು ಬರ್ಲಿನ್ನಿನ ವೈದ್ಯ ನಿಕೊಲಾಯ್ ಇನ್ನೊಂದು ಹೇಳಿಕೆ ಬರೆದರು. ಅದಕ್ಕೆ ದೊರೆತ ಸಹಿಗಳು ಅವರದೂ ಸೇರಿ ನಾಲ್ಕೇ ನಾಲ್ಕು. ಒಂದು ಐನ್‌ಸ್ಟೈನರದು. ಇನ್ನೊಂದು ಖಗೋಳಜ್ಞ ಫರ್ಸ್ಟರರದು. ಅವರು ಮೊದಲಿನದಕ್ಕೂ ಸಹಿ ಹಾಕಿದ್ದವರು!

ಐನ್‌ಸ್ಟೈನ್ ಮತ್ತು ಹೇಬರ್ ಗೆಳೆಯರು. ಇಬ್ಬರೂ ಯಹೂದಿ ಮನೆತನದವರು. ಗಾಳಿಯ ಸಾರಜನಕದಿಂದ ಅಮೋನಿಯ ತಯಾರಿಸುವ ವಿಧಾನ ಹೇಬರರದು. ಇಂದು ನಮ್ಮ ಹೊಲಗಳಿಗೆ ಬೀಳುವ ಯೂರಿಯಾದ ಮೂಲ ಅದೇ. ಅದೇ ಹೇಬರ್ 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಕ್ಲೋರಿನ್ ವಿಷಾನಿಲ ಬಿಡುವ ಕೆಲಸದ ಉಸ್ತುವಾರಿ ವಹಿಸಿದರು. ದೇಶಕ್ಕಾಗಿ ಇಷ್ಟೆಲ್ಲ ಮಾಡಿದವರಿಗೆ ದೇಶ ಕೊಟ್ಟದ್ದೇನು? 1933ರಲ್ಲಿ ನಾಜಿ ಸರಕಾರ ಯಹೂದಿಗಳನ್ನು ಸರಕಾರಿ ನೌಕರಿಯಿಂದ ತೆಗೆಯುವ ಕಾನೂನು ತಂದಿತು. ಯುದ್ಧಕಾಲದ ಸೇವೆಯಿಂದಾಗಿ ಹೇಬರರಿಗೆ ವಿನಾಯಿತಿ ಇತ್ತು. ಆದರೂ ಸಹೋದ್ಯೋಗಿಗಳನ್ನು ಹೊರಹಾಕಲೊಪ್ಪದೆ ರಾಜೀನಾಮೆ ಕೊಟ್ಟರು. 1934ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ತೀರಿಕೊಂಡರು.

ಉಳಿದವರು? ನೊಬೆಲ್ ಪಡೆದ ಲೆನಾರ್ಡ್ ಮತ್ತು ಸ್ಟಾರ್ಕ್ 1924ರಲ್ಲೇ ಹಿಟ್ಲರನ ಪರ ಬಹಿರಂಗವಾಗಿ ನಿಂತಿದ್ದರು. ಸಾಪೇಕ್ಷ ಸಿದ್ಧಾಂತವನ್ನು ಯಹೂದಿ ಭೌತಶಾಸ್ತ್ರವೆಂದು ಜರೆದರು. ನೊಬೆಲ್ ಪಡೆದ ಇನ್ನೊಬ್ಬರು, ಮ್ಯಾಕ್ಸ್ ಫಾನ್ ಲಾವೆ, ಅವರನ್ನು ಎದುರಿಸಿದರು. ಪ್ಲಾಂಕ್ ಹುದ್ದೆ ಬಿಡಲಿಲ್ಲ. ಹಿಟ್ಲರನನ್ನು ಕಂಡು ಯಹೂದಿ ವಿಜ್ಞಾನಿಗಳ ಪರ ಮಾತಾಡಿ ಬರಿಗೈಲಿ ಮರಳಿದರು. ಪ್ರಾಧ್ಯಾಪಕರು ಹೋಗಕೂಡದೆಂದು ಸರಕಾರ ತಡೆದರೂ 1935ರಲ್ಲಿ ಹೇಬರರ ಸ್ಮರಣಸಭೆ ನಡೆಸಿದರು. ಗಾಟಿಂಗನ್‌ನಲ್ಲಿ ಕೆಲಸ ಕಳೆದುಕೊಂಡಿದ್ದ ಮ್ಯಾಕ್ಸ್ ಬಾರ್ನ್ ಅದೇ ವರ್ಷ ಸಿ. ವಿ. ರಾಮನ್ನರ ಕರೆಯ ಮೇರೆಗೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು.

ಇವರೆಲ್ಲ ಪರಸ್ಪರ ಬಲ್ಲವರು, ಒಬ್ಬರ ಸಂಶೋಧನೆಯನ್ನು ಇನ್ನೊಬ್ಬರು ಓದಿದವರು. ಆದರೆ ಪಕ್ಕದ ಕೋಣೆಯವನನ್ನು ಕಾನೂನು ಹೊರದಬ್ಬಿದ ದಿನ ಯಾರು ಏನು ಮಾಡುತ್ತಾರೆಂದು ಅವರ ಪದವಿ, ಪ್ರಶಸ್ತಿಗಳನ್ನು ನೋಡಿ ಹೇಳುವಂತಿರಲಿಲ್ಲ. ಯಾವ ಪಕ್ಷವಾದರೂ ವಿಜ್ಞಾನಿಗಳೆಲ್ಲ ತನ್ನ ಕಡೆಗಿದ್ದಾರೆಂದು ಸಹಿಗಳ ಪಟ್ಟಿ ತೋರಿಸಿದಾಗ ನಾವು ಆ ತೊಂಬತ್ಮೂರನ್ನೂ ಈ ನಾಲ್ಕನ್ನೂ ನೆನೆಯುವುದು ಒಳ್ಳೆಯದು.