ಬ್ರೌಸರ್: ಮೇಯುವವರು ಯಾರು?

ತಾಲ್ಲೂಕು ಕಚೇರಿಯ ಎದುರಿನ ಸಾಲಿನಲ್ಲಿ ‘ಜೆರಾಕ್ಸ್, ಟೈಪಿಂಗ್, ಲ್ಯಾಮಿನೇಷನ್, ಇಂಟರ್‌ನೆಟ್ ಬ್ರೌಸಿಂಗ್’ ಎಂಬ ಬೋರ್ಡು ನೋಡದ ಕನ್ನಡಿಗರು ಕಡಿಮೆ. ವಿದೇಶ ಸಂಚಾರ ನಿಗಮ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್‌ನೆಟ್ ಕೊಡಲು ಆರಂಭಿಸಿತು. ಅದಾದ ಕೆಲವೇ ವರ್ಷಗಳಲ್ಲಿ ಪಿಯುಸಿ ಫಲಿತಾಂಶಕ್ಕೆ, ಸಿಇಟಿಗೆ, ಕೆಲಸದ ಅರ್ಜಿಗೆ ಎಂದು ಜನ ‘ಸೈಬರ್‌’ಗೆ ಹೋಗತೊಡಗಿದರು. ಬ್ರೌಸಿಂಗ್ ಎಂಬ ಪದ ನಮ್ಮ ಊರುಗಳೊಳಗೆ ಕಾಲಿಟ್ಟದ್ದು ಹೀಗೆ, ಗಂಟೆಗೆ ಇಷ್ಟು ರೂಪಾಯಿ ಎಂಬ ದರದ ಸಮೇತ. ಅರ್ಥ ಏನೆಂದು ಯಾರೂ ಕೇಳಲಿಲ್ಲ. ಕೇಳುವ ಅಗತ್ಯವೂ ಬೀಳಲಿಲ್ಲ. ಆದರೆ ಆ ಅರ್ಥ ನಮ್ಮ ಕುರಿಹಟ್ಟಿಗಳಿಗೆ ಬಹಳ ಹತ್ತಿರದ್ದು.

ಹಳೆಯ ಫ್ರೆಂಚಿನಲ್ಲಿ ‘ಬ್ರೋಸ್ಟ್’ ಎಂದರೆ ಎಳೆಯ ಚಿಗುರು, ಆಗಷ್ಟೇ ಒಡೆದ ಕುಡಿ. ಅದನ್ನು ಕಚ್ಚಿ ತಿನ್ನುವ ಕೆಲಸಕ್ಕೆ ಅದೇ ಬೇರಿನಿಂದ ಕ್ರಿಯಾಪದ ಹುಟ್ಟಿತು. ಈಗಿನ ಫ್ರೆಂಚಿನ ‘ಬ್ರೂತೆ’ ಅದರ ವಂಶದ್ದೇ. ಮಧ್ಯಯುಗದ ಕೊನೆಯ ಹೊತ್ತಿಗೆ ಅದು ಇಂಗ್ಲಿಷಿಗೆ ದಾಟಿ ‘ಬ್ರೌಸ್’ ಆಯಿತು. ನೆಲದ ಹುಲ್ಲು ಮೇಯುವುದಕ್ಕೆ ಇಂಗ್ಲಿಷಿನಲ್ಲಿ ಒಂದು ಪದ, ಗಿಡಮರಗಳ ಎಲೆ, ಚಿಗುರು, ಕುಡಿ ಮೇಯುವುದಕ್ಕೆ ಇನ್ನೊಂದು. ಈ ಎರಡನೆಯದೇ ಬ್ರೌಸ್. ವನ್ಯಜೀವಿ ವಿಜ್ಞಾನಿಗಳು ಇವತ್ತಿಗೂ ಈ ಭೇದ ಬಿಟ್ಟಿಲ್ಲ. ಆಫ್ರಿಕದ ಬಿಳಿ ಘೇಂಡಾಮೃಗದ ತುಟಿ ಅಗಲ, ಚಪ್ಪಟೆ. ಅದು ಹುಲ್ಲು ಮೇಯುವ ಪ್ರಾಣಿ. ಕರಿ ಘೇಂಡಾಮೃಗದ ಮೇಲ್ದುಟಿ ಚೂಪಾಗಿ ಬಾಗಿದೆ, ಅದರಿಂದ ಟೊಂಗೆ ಹಿಡಿದೆಳೆಯಲು ಬರುತ್ತದೆ. ವಿಜ್ಞಾನಿಗಳ ಲೆಕ್ಕದಲ್ಲಿ ಕರಿಯದು ‘ಬ್ರೌಸರ್’. ಪ್ರಾಣಿಗಳ ಬಾಯಿಗೆ ನಿಲುಕುವಷ್ಟು ಎತ್ತರದವರೆಗೆ ಎಲೆಯೆಲ್ಲ ಖಾಲಿಯಾಗಿ, ಮರಗಳ ಮೇಲೆ ಗೆರೆ ಎಳೆದ ಹಾಗೆ ಕಾಣುವುದನ್ನು ಅರಣ್ಯದವರು ‘ಬ್ರೌಸ್ ಲೈನ್’ ಎನ್ನುತ್ತಾರೆ.

ಕನ್ನಡದಲ್ಲಿ ಎರಡಕ್ಕೂ ‘ಮೇಯು’ ಒಂದೇ. ಆದರೆ ಭೇದ ನಮ್ಮವರಿಗೆ ಗೊತ್ತಿಲ್ಲವೆಂದಲ್ಲ. ಆಡು ಮುಟ್ಟದ ಸೊಪ್ಪಿಲ್ಲ ಎಂಬ ಗಾದೆಯಲ್ಲಿ ಕುರಿಯ ಹೆಸರಿಲ್ಲ, ದನದ ಹೆಸರಿಲ್ಲ, ಹುಲ್ಲಿನ ಮಾತೇ ಇಲ್ಲ. ಮೇಕೆ ಜಾಲಿಗಿಡದ ಹತ್ತಿರ ನಿಂತಾಗ ಒಮ್ಮೆ ಗಮನಿಸಿ. ಮುಂಗಾಲುಗಳನ್ನು ಕಾಂಡಕ್ಕೆ ಊರಿ ಎದ್ದು ನಿಲ್ಲುತ್ತದೆ, ಮುಳ್ಳಿನ ಸಂದಿಗೆ ಮೂತಿ ತೂರಿಸಿ ಎಲೆಯನ್ನಷ್ಟೇ ತುಟಿಯಿಂದ ಬಿಡಿಸಿಕೊಳ್ಳುತ್ತದೆ, ನಾಲ್ಕು ಬಾಯಿ ತಿಂದು ಮುಂದಿನ ಗಿಡಕ್ಕೆ ನಡೆಯುತ್ತದೆ. ಎಲ್ಲದಕ್ಕೂ ಬಾಯಿ ಹಾಕುತ್ತದೆ, ಯಾವುದನ್ನೂ ಬುಡಮಟ್ಟ ಮುಗಿಸುವುದಿಲ್ಲ. ಬೇಕಾದ್ದನ್ನು ತಾನೇ ಆರಿಸಿಕೊಳ್ಳುತ್ತದೆ. ಬ್ರೌಸ್ ಪದದ ಜೀವ ಇರುವುದು ಈ ಆಯ್ಕೆಯಲ್ಲಿ.

ಪುಸ್ತಕಗಳ ಕಡೆಗೆ ಆ ಪದ ಹೊರಳಿದ್ದೂ ಇದೇ ಗುಣದಿಂದ. ಪ್ರಬಂಧಕಾರ ಚಾರ್ಲ್ಸ್ ಲ್ಯಾಂಬ್ 1820ರ ದಶಕದ ಆರಂಭದಲ್ಲಿ ತನ್ನ ಅಕ್ಕ ಮೇರಿಯನ್ನು ಬ್ರಿಜೆಟ್ ಎಂಬ ಸೋದರಸಂಬಂಧಿಯ ವೇಷದಲ್ಲಿ ಚಿತ್ರಿಸಿದ. ಚಿಕ್ಕಂದಿನಲ್ಲೇ ಹಳೆಯ ಒಳ್ಳೆಯ ಪುಸ್ತಕಗಳ ರಾಶಿಗೆ ಬಿದ್ದು, ಇದನ್ನು ಓದು, ಅದನ್ನು ಬಿಡು ಎನ್ನುವವರಿಲ್ಲದೆ ಮನಸೋಇಚ್ಛೆ ಮೇಯ್ದವಳು ಆಕೆ ಎಂದು ಹೇಳುವಾಗ ಅವನು ಬಳಸಿದ್ದು ಈ ಕ್ರಿಯಾಪದವನ್ನೇ. ಆ ಶತಮಾನ ಮುಗಿಯುವುದರೊಳಗೆ ಗ್ರಂಥಾಲಯದ ಕಪಾಟುಗಳ ನಡುವೆ, ಪುಸ್ತಕದಂಗಡಿಯಲ್ಲಿ ಸುಮ್ಮನೆ ತಿರುವಿಹಾಕುತ್ತ ನಿಂತವರೂ ‘ಬ್ರೌಸರ್’ ಎನಿಸಿಕೊಂಡರು. ಅಲ್ಲಿಯವರೆಗೂ ಬ್ರೌಸರ್ ಎಂದರೆ ಜೀವವಿರುವ ಯಾರೋ ಒಬ್ಬರು: ಮೊದಲು ಮೇಕೆ, ಆಮೇಲೆ ಓದುಗ.

ಪದ ಯಂತ್ರಕ್ಕೆ ಅಂಟಿಕೊಂಡದ್ದು 1970ರ ದಶಕದಲ್ಲಿ. ಕ್ಯಾಲಿಫೋರ್ನಿಯದ ಪಾಲೊ ಆಲ್ಟೊದ ಸಂಶೋಧನಾ ಕೇಂದ್ರವೊಂದರಲ್ಲಿ ಲ್ಯಾರಿ ಟೆಸ್ಲರ್ ಎಂಬ ವಿಜ್ಞಾನಿ ‘ಸ್ಮಾಲ್‌ಟಾಕ್’ ಎಂಬ ಕಂಪ್ಯೂಟರ್ ಭಾಷೆಯ ಕೋಡನ್ನು ತೆರೆದು, ತಿರುವಿ ನೋಡಲು ಒಂದು ಕಿಟಕಿ ರೂಪಿಸಿ ಅದಕ್ಕೆ ಬ್ರೌಸರ್ ಎಂದು ಹೆಸರಿಟ್ಟರು. ನಾವೆಲ್ಲ ದಿನವೂ ಬಳಸುವ ಕಟ್, ಕಾಪಿ, ಪೇಸ್ಟ್ ಕೂಡ ಅವರ ಕೊಡುಗೆಯೇ. ಆ ಕೇಂದ್ರವನ್ನು ನಡೆಸುತ್ತಿದ್ದ ಕಂಪನಿಯ ಹೆಸರು ಜೆರಾಕ್ಸ್. ತಾಲ್ಲೂಕು ಕಚೇರಿ ಎದುರಿನ ಬೋರ್ಡಿನಲ್ಲಿ ‘ಜೆರಾಕ್ಸ್’, ‘ಬ್ರೌಸಿಂಗ್’ ಅಕ್ಕಪಕ್ಕ ಬಂದು ಕೂತದ್ದು ತಿಳಿಯದೆ ಆದ ಸಂಗತಿ, ಆದರೂ ಎರಡರ ತವರೂ ಒಂದೇ ಎಂಬುದು ನನಗೆ ಬಹಳ ಇಷ್ಟದ ವಿಚಾರ.

ಟಿಮ್ ಬರ್ನರ್ಸ್-ಲೀ ಮತ್ತು ರಾಬರ್ಟ್ ಕೈಯೊ 1990ರ ನವೆಂಬರ್‌ನಲ್ಲಿ ಜಿನೀವಾ ಬಳಿಯ ಸರ್ನ್‌ನಲ್ಲಿ ವೆಬ್ ಯೋಜನೆಯ ಪ್ರಸ್ತಾವ ಬರೆದಾಗ ಈ ಪದವನ್ನೇ ಎತ್ತಿಕೊಂಡರು. ಬರ್ನರ್ಸ್-ಲೀ ಬರೆದ ಮೊದಲ ಬ್ರೌಸರ್‌ನಲ್ಲಿ ಪುಟ ಓದಲೂ ಬರುತ್ತಿತ್ತು, ಅಲ್ಲೇ ತಿದ್ದಿ ಬರೆಯಲೂ ಬರುತ್ತಿತ್ತು. 1993ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಿಂದ ಹೊರಬಂದು ವೆಬ್ಬನ್ನು ಮನೆಮಾತು ಮಾಡಿದ ‘ಮೊಸಾಯಿಕ್’ ಓದುವುದನ್ನಷ್ಟೇ ಉಳಿಸಿಕೊಂಡಿತು. ಬರೆಯುವ ಕೈ ಅಲ್ಲಿಗೆ ತಪ್ಪಿಹೋಯಿತು. ಇದನ್ನು ನಾನು ವೆಬ್ಬಿನ ದೊಡ್ಡ ನಷ್ಟಗಳಲ್ಲೊಂದು ಎಂದೇ ಎಣಿಸುತ್ತೇನೆ.

ಕನ್ನಡದಲ್ಲಿ ಜಾಲವೀಕ್ಷಕ, ಜಾಲದರ್ಶಕ ಎಂಬ ಪದಗಳನ್ನು ಕಟ್ಟಿ ನೋಡಿದ್ದಾಯಿತು. ಬರಹದಲ್ಲಿ ಅಲ್ಲಲ್ಲಿ ಕಾಣುತ್ತವೆ, ಬಾಯಲ್ಲಿ ನಿಂತಿಲ್ಲ. ನಿಂತದ್ದು ‘ಜಾಲಾಡು’. ಊರೆಲ್ಲ ಜಾಲಾಡಿದರು ಎಂದರೆ ಒಂದು ಮೂಲೆಯನ್ನೂ ಬಿಡದೆ ಹುಡುಕಿದರು ಎಂದರ್ಥ. ‘ಅಂತರ್ಜಾಲ ಜಾಲಾಡಿದಾಗ’ ಎಂದು ಪತ್ರಿಕೆಯವರು ಬರೆಯತೊಡಗಿದ ಮೇಲೆ ಆ ಮಾತಿಗೆ ಹೊಸ ಹೊಳಪು ಬಂತು. ಹುಡುಕುವುದಕ್ಕೆ ಇದು ಸರಿ. ಗುರಿಯಿಲ್ಲದೆ ಅಲ್ಲಿಷ್ಟು ಇಲ್ಲಿಷ್ಟು ಓದುವುದಕ್ಕೆ ಮೇಯು, ಕಣ್ಣಾಡಿಸು ಎಂಬ ಮಾತುಗಳೇ ಸಾಕು.

ಉತ್ಪನ್ನಗಳಿಗೆ ಹೆಸರಿಟ್ಟವರು ಮೇಕೆಯನ್ನು ಮರೆತು ಸಮುದ್ರಕ್ಕಿಳಿದರು. 1994ರಲ್ಲಿ ನೆಟ್‌ಸ್ಕೇಪ್ ‘ನ್ಯಾವಿಗೇಟರ್’, 1995ರಲ್ಲಿ ಮೈಕ್ರೋಸಾಫ್ಟ್‌ನ ‘ಎಕ್ಸ್‌ಪ್ಲೋರರ್’. ನಾವಿಕನ ಹಿಂದೆ ಅನ್ವೇಷಕ, ಅವನ ಹಿಂದೆ ದಂಡೆತ್ತಿ ಗೆಲ್ಲುವವನು ಬರಬೇಕಲ್ಲ. ಲಿನಕ್ಸ್ ಲೋಕದ ಒಂದು ಬ್ರೌಸರ್‌ಗೆ ‘ಕಾಂಕರರ್’ ಎಂದೇ ಹೆಸರು. ಅದರ ಎಂಜಿನ್, ಅಂದರೆ ಪುಟವನ್ನು ಪರದೆಯ ಮೇಲೆ ಮೂಡಿಸುವ ಭಾಗ, ಪಡೆದು ಆಪಲ್ 2003ರಲ್ಲಿ ತಂದದ್ದು ‘ಸಫಾರಿ’: ಅರಬ್ಬಿಯ ‘ಸಫರ್’ ಸ್ವಾಹಿಲಿಗೆ ಹೋಗಿ, ಅಲ್ಲಿಂದ ಇಂಗ್ಲಿಷಿಗೆ ದಾಟಿ, ನಮ್ಮ ಬಂಡೀಪುರದ ಜೀಪಿನವರೆಗೆ ಬಂದ ಪದ. ಫೈರ್‌ಫಾಕ್ಸ್ 2004ರದು, ಕೆಂಪು ಪಾಂಡಾದ ಇನ್ನೊಂದು ಹೆಸರು. 2008ರ ಕ್ರೋಮ್‌ಗೆ ಹೆಸರು ಬಂದದ್ದು ಕಿಟಕಿಯ ಚೌಕಟ್ಟಿನಿಂದ. ಪುಟದ ಸುತ್ತಲಿನ ಗುಂಡಿ, ಪಟ್ಟಿಗಳಿಗೆ ತಂತ್ರಜ್ಞರು ಮೊದಲಿನಿಂದಲೂ ಕ್ರೋಮ್ ಎನ್ನುತ್ತಿದ್ದರು. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಕಂಪನಿ 2010ರಲ್ಲಿ ಭಾರತೀಯ ಭಾಷೆಗಳ ಟೈಪಿಂಗ್ ಸೌಲಭ್ಯದೊಂದಿಗೆ ‘ಎಪಿಕ್’ ತಂದಿತು. ಚೆನ್ನೈನ ಜೋಹೊ ತನ್ನ ಬ್ರೌಸರ್‌ಗೆ ‘ಉಲಾ’ ಎಂದು ತಮಿಳಿನ ಪದ ಆರಿಸಿಕೊಂಡಿತು. ಸುತ್ತಾಟ, ಮೆರವಣಿಗೆ ಎಂಬ ಅರ್ಥದ್ದು. ಹೆಸರಿನ ಮಟ್ಟಿಗೆ ಮೂಲ ಅರ್ಥಕ್ಕೆ ಅತಿ ಸಮೀಪ ಬಂದದ್ದು ಇದೇ.

ಇಷ್ಟೆಲ್ಲ ಹೆಸರುಗಳ ಅಡಿಯಲ್ಲಿ ಇನ್ನೊಂದು ಹೆಸರಿದೆ, ಬ್ರೌಸರ್ ಆರಿಸುವವರು ತಿಳಿದಿರಬೇಕಾದ್ದು. ನೀವು ಯಾವುದೇ ತಾಣಕ್ಕೆ ಹೋದಾಗ ಬ್ರೌಸರ್ ಅಲ್ಲಿಗೆ ತನ್ನ ಗುರುತಿನ ಸಾಲೊಂದನ್ನು ಕಳಿಸುತ್ತದೆ. ಕ್ರೋಮ್ ಕಳಿಸುವ ಸಾಲು ‘ಮೊಜಿಲ್ಲಾ/5.0’ ಎಂದು ಶುರುವಾಗುತ್ತದೆ, ‘ಆಪಲ್‌ವೆಬ್‌ಕಿಟ್’ ಎನ್ನುತ್ತದೆ, ‘ಕೆಎಚ್‌ಟಿಎಂಎಲ್, ಗೆಕೊ ಥರ’ ಎನ್ನುತ್ತದೆ, ಆಮೇಲೆ ತನ್ನ ಹೆಸರು ಹೇಳಿ, ಕೊನೆಗೆ ‘ಸಫಾರಿ’ ಎಂದು ಮುಗಿಸುತ್ತದೆ. ತೊಂಬತ್ತರ ದಶಕದಲ್ಲಿ ಕೆಲವು ತಾಣಗಳು ಒಳ್ಳೆಯ ಪುಟಗಳನ್ನು ನೆಟ್‌ಸ್ಕೇಪ್‌ನ ಒಳಹೆಸರಾದ ಮೊಜಿಲ್ಲಾಕ್ಕೆ ಮಾತ್ರ ಕೊಡುತ್ತಿದ್ದವು. ಹಾಗಾಗಿ ಎಕ್ಸ್‌ಪ್ಲೋರರ್ ತಾನೂ ಮೊಜಿಲ್ಲಾ ಎಂದಿತು. ಆಮೇಲೆ ಬಂದವರೆಲ್ಲ ಹಿಂದಿನವರ ಹೆಸರು ಹೊತ್ತರು. ಈ ಸಾಲಿಗೆ ವೆಬ್ಬಿನ ನಿಯಮಗಳಲ್ಲಿರುವ ಹೆಸರು ‘ಯೂಸರ್ ಏಜೆಂಟ್’, ಅಂದರೆ ಬಳಸುವವರ ಪರವಾಗಿ ನಿಂತು ಕೆಲಸ ಮಾಡುವವನು. ಬ್ರೌಸರ್‌ಗಳನ್ನು ಹೋಲಿಸಲು ನನಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಕಂಡಿಲ್ಲ: ಅದು ಯಾರ ಏಜೆಂಟು?

ವೇಗದಲ್ಲಿ ಈಗ ದೊಡ್ಡ ವ್ಯತ್ಯಾಸವಿಲ್ಲ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ, ವಿವಾಲ್ಡಿ, ಉಲಾ ಎಲ್ಲದರ ಒಳಗಿರುವುದು ಗೂಗಲ್‌ನ ಬ್ಲಿಂಕ್ ಎಂಜಿನ್. ಐಫೋನ್‌ನಲ್ಲಿ ಯಾವುದನ್ನೇ ಹಾಕಿಕೊಂಡರೂ ನಮ್ಮ ದೇಶದಲ್ಲಿ ಒಳಗಿರುವುದು ಸಫಾರಿಯ ವೆಬ್‌ಕಿಟ್. ಇವೆರಡೂ ಅಲ್ಲದ ಬೇರೆ ಎಂಜಿನ್‌ನ ದೊಡ್ಡ ಬ್ರೌಸರ್ ಎಂದರೆ ಗೆಕೊ ಇರುವ ಫೈರ್‌ಫಾಕ್ಸ್ ಒಂದೇ. ಒಂದೇ ಎಂಜಿನ್ ಮೆರೆದರೆ ಏನಾಗುತ್ತದೆಂದು ಕನ್ನಡಿಗರಿಗೆ ಅನುಭವವಿದೆ. ಯೂನಿಕೋಡ್ ನೆಲೆಗೊಳ್ಳುವ ಮುಂಚೆ ಕೆಲವು ಕನ್ನಡ ತಾಣಗಳ ಫಾಂಟು ಎಕ್ಸ್‌ಪ್ಲೋರರ್‌ನಲ್ಲಿ ಮಾತ್ರ ಮೂಡುತ್ತಿತ್ತು. ಬೇರೆಯದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು. ಕೀಪ್ಯಾಡ್ ಫೋನುಗಳ ಕಾಲದಲ್ಲಿ ಒಪೆರಾ ಮಿನಿಯಲ್ಲಿ ಕನ್ನಡವೆಲ್ಲ ಚೌಕಚೌಕವಾಗಿ ಕಾಣುತ್ತಿತ್ತು. ವಿಳಾಸದ ಜಾಗದಲ್ಲಿ ‘ಒಪೆರಾ:ಕಾನ್ಫಿಗ್’ ಎಂದು ಟೈಪಿಸಿ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಬಳಸುವ ಆಯ್ಕೆಗೆ ‘ಯೆಸ್’ ಕೊಟ್ಟರೆ, ಸರ್ವರ್ ಅಕ್ಷರಗಳನ್ನು ಚಿತ್ರ ಮಾಡಿ ಕಳಿಸುತ್ತಿತ್ತು, ಕನ್ನಡ ಕಾಣುತ್ತಿತ್ತು. ಈ ಉಪಾಯವನ್ನು ಜನ ಒಬ್ಬರಿಂದೊಬ್ಬರು ಕೇಳಿ ತಿಳಿದುಕೊಂಡರು.

ಈಗ ಲಿಪಿಯ ತೊಂದರೆ ಬಹುತೇಕ ಮುಗಿದಿದೆ. ತೊಂದರೆ ಇರುವುದು ನಿಷ್ಠೆಯಲ್ಲಿ. ಒಂದು ತಾಣ ನೋಡುವಾಗ ಮೂರನೆಯವರು ಬಂದು ನಿಮ್ಮ ಬೆನ್ನಿಗೆ ಹಚ್ಚುವ ಗುರುತುಗಳಿಗೆ ಥರ್ಡ್ ಪಾರ್ಟಿ ಕುಕಿ ಎನ್ನುತ್ತಾರೆ. ಸಫಾರಿ 2020ರ ಮಾರ್ಚ್‌ನಿಂದ ಅವನ್ನು ಪೂರ್ತಿ ತಡೆಯುತ್ತಿದೆ. ಫೈರ್‌ಫಾಕ್ಸ್ 2022ರಿಂದ ಪ್ರತಿ ತಾಣದ ಕುಕಿಯನ್ನೂ ಬೇರೆಬೇರೆ ಡಬ್ಬಿಯಲ್ಲಿ ಕೂಡಿಹಾಕುತ್ತದೆ. ಎರಡು ವರ್ಷದೊಳಗೆ ತೆಗೆದುಹಾಕುತ್ತೇವೆ ಎಂದು 2020ರಲ್ಲಿ ಹೇಳಿದ್ದ ಗೂಗಲ್, ಮುಂದೂಡುತ್ತ ಬಂದು, 2024ರ ಜುಲೈನಲ್ಲಿ ಆ ಯೋಜನೆಯನ್ನೇ ಕೈಬಿಟ್ಟಿತು. ಜಾಹೀರಾತು ತಡೆಯುವುದರಲ್ಲಿ ಎಲ್ಲರಿಗಿಂತ ಗಟ್ಟಿಯಾದ ‘ಯುಬ್ಲಾಕ್ ಒರಿಜಿನ್’ ಎಂಬ ಎಕ್ಸ್‌ಟೆನ್ಷನ್, ಗೂಗಲ್ ನಿಯಮ ಬದಲಿಸಿದ್ದರಿಂದ ಕ್ರೋಮ್‌ನಲ್ಲಿ ಕೆಲಸ ನಿಲ್ಲಿಸಿತು. ಫೈರ್‌ಫಾಕ್ಸ್‌ನಲ್ಲಿ ನಡೆಯುತ್ತದೆ, ಆಂಡ್ರಾಯ್ಡ್ ಫೋನಿನಲ್ಲೂ. ಜಾಹೀರಾತಿನಿಂದ ಬದುಕುವ ಕಂಪನಿಯೇ ನಮ್ಮ ಕಾವಲಿಗೆ ನಿಂತರೆ ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ. ಮೇಯುವ ಜೀವಿ ಎಂದು ಹುಟ್ಟಿದ ಪದ, ಉಪಕರಣವಾಗಿ, ಈಗ ನಮ್ಮನ್ನೇ ಮೇವಾಗಿಸಿದೆ.

ಫೈರ್‌ಫಾಕ್ಸ್ ಪರಿಶುದ್ಧ ಎಂದು ನಾನು ಹೇಳುತ್ತಿಲ್ಲ. ಅದರ ಆದಾಯದ ಬಹುಪಾಲು ಗೂಗಲನ್ನು ಮೊದಲ ಸರ್ಚ್ ಎಂಜಿನ್ ಆಗಿ ಇಟ್ಟುಕೊಳ್ಳುವ ಒಪ್ಪಂದದಿಂದಲೇ ಬರುತ್ತದೆ. ಸಫಾರಿಯಲ್ಲಿ ಅದೇ ಜಾಗಕ್ಕೆ ಗೂಗಲ್ 2022ರಲ್ಲಿ ಆಪಲ್‌ಗೆ 2000 ಕೋಟಿ ಡಾಲರ್ ಕೊಟ್ಟದ್ದು ಅಮೆರಿಕದ ನ್ಯಾಯಾಲಯದ ದಾಖಲೆಗಳಲ್ಲಿ ಹೊರಬಂತು. ನಮ್ಮ ಸ್ಪರ್ಧಾ ಆಯೋಗ 2022ರ ಅಕ್ಟೋಬರ್‌ನಲ್ಲಿ ಗೂಗಲ್‌ಗೆ 1337.76 ಕೋಟಿ ರೂಪಾಯಿ ದಂಡ ಹಾಕಿದಾಗ, ಆಂಡ್ರಾಯ್ಡ್ ಫೋನುಗಳಲ್ಲಿ ಕ್ರೋಮ್ ಸಹಿತ ತನ್ನ ಆ್ಯಪ್‌ಗಳನ್ನು ಮೊದಲೇ ತುಂಬಿಸುವುದೂ ಆಕ್ಷೇಪಗಳ ಪಟ್ಟಿಯಲ್ಲಿತ್ತು. ಮೊದಲೇ ಆರಿಸಿಟ್ಟ ಆಯ್ಕೆಗೆ, ಅಂದರೆ ಒಂದು ಡಿಫಾಲ್ಟ್‌ಗೆ, ಇಷ್ಟು ಹಣ ಸುರಿಯುತ್ತಾರೆಂದರೆ, ಅದನ್ನು ಬದಲಿಸುವ ಶ್ರಮವನ್ನು ನಮ್ಮಲ್ಲಿ ಹೆಚ್ಚಿನವರು ತೆಗೆದುಕೊಳ್ಳುವುದಿಲ್ಲ ಎಂಬ ಲೆಕ್ಕ ಅದರ ಹಿಂದಿದೆ.

2025ರಲ್ಲಿ ಪದ ಮತ್ತೊಮ್ಮೆ ಹೊರಳಿತು. ಎಐ ಕಂಪನಿಗಳಾದ ಪರ್ಪ್ಲೆಕ್ಸಿಟಿಯ ‘ಕಾಮೆಟ್’, ಓಪನ್‌ಎಐಯ ‘ಅಟ್ಲಾಸ್’ ತಾವೇ ಪುಟ ತೆರೆದು, ಓದಿ, ಗುಂಡಿ ಒತ್ತುವ ಬ್ರೌಸರ್‌ಗಳು. ಬ್ರೌಸರ್ ಮತ್ತೆ ತಾನೇ ಮೇಯತೊಡಗಿದೆ, ನಮ್ಮ ಪರವಾಗಿ. ಪುಟದೊಳಗೆ ಯಾರೋ ಅಡಗಿಸಿಟ್ಟ ಸೂಚನೆಯನ್ನು ನಿಮ್ಮ ಮಾತೆಂದೇ ತಿಳಿದು ಅದು ನಡೆದುಕೊಳ್ಳುವ ಅಪಾಯ ಇನ್ನೂ ಬಗೆಹರಿದಿಲ್ಲ. ಬ್ಯಾಂಕಿನ ಖಾತೆ, ಆಧಾರ್ ಇರುವ ಕಡೆ ಸದ್ಯಕ್ಕೆ ಇವನ್ನು ಒಳಗೆ ಬಿಡಬೇಡಿ.

ದಿನಬಳಕೆಗೆ ನನ್ನ ಸಲಹೆ ಇಷ್ಟು. ಕಂಪ್ಯೂಟರಿನಲ್ಲೂ ಆಂಡ್ರಾಯ್ಡ್ ಫೋನಿನಲ್ಲೂ ಫೈರ್‌ಫಾಕ್ಸ್ ಹಾಕಿ, ಅದಕ್ಕೆ ಯುಬ್ಲಾಕ್ ಒರಿಜಿನ್ ಸೇರಿಸಿ. ಐಫೋನ್ ಇದ್ದವರಿಗೆ ಸಫಾರಿಯೇ ಸಾಕು. ಕೆಲವು ಸರ್ಕಾರಿ ತಾಣಗಳು, ವಿಡಿಯೊ ಕರೆಗಳು ಫೈರ್‌ಫಾಕ್ಸ್‌ನಲ್ಲಿ ತಕರಾರು ಮಾಡಿದರೆ ಅದಕ್ಕೊಂದು ಬ್ರೇವ್ ಪಕ್ಕದಲ್ಲಿರಲಿ. ಇನ್‌ಕಾಗ್ನಿಟೊ ತೆರೆದರೆ ಇತಿಹಾಸ ನಿಮ್ಮ ಫೋನಿನಲ್ಲಿ ಉಳಿಯದು, ಅಷ್ಟೇ. ಕಚೇರಿಯ ನೆಟ್‌ವರ್ಕ್‌ಗೂ ಇಂಟರ್‌ನೆಟ್ ಕೊಡುವವರಿಗೂ ನೀವು ಯಾವ ತಾಣಕ್ಕೆ ಹೋದಿರೆಂಬುದು ಕಾಣುತ್ತಲೇ ಇರುತ್ತದೆ. ಹಳೆಯ ಬುಕ್‌ಮಾರ್ಕು, ಪಾಸ್‌ವರ್ಡುಗಳು ಹೋಗುತ್ತವೆಂಬ ಭಯ ಬೇಡ, ಕಂಪ್ಯೂಟರಿನ ಫೈರ್‌ಫಾಕ್ಸ್‌ನಲ್ಲಿ ಆಮದು ಮಾಡಿಕೊಳ್ಳುವ ಸೌಲಭ್ಯ ಇದೆ. ಇವತ್ತೇ ಫೋನಿನ ಸೆಟ್ಟಿಂಗ್ಸ್‌ಗೆ ಹೋಗಿ, ಆ್ಯಪ್ಸ್‌ನಲ್ಲಿ ಡಿಫಾಲ್ಟ್ ಆ್ಯಪ್ಸ್ ತೆರೆದು, ‘ಬ್ರೌಸರ್’ ಎಂಬುದರ ಮುಂದೆ ಯಾರ ಹೆಸರಿದೆ ನೋಡಿ. ಅದನ್ನು ಆರಿಸಿದ್ದು ನೀವಲ್ಲದಿದ್ದರೆ, ದಯವಿಟ್ಟು ಈಗ ನೀವೇ ಆರಿಸಿ.