ಧಾರವಾಡ ಸೀಮೆಯಲ್ಲಿ ವೃದ್ಧಶುಶ್ರೂಷೆ: ಕೆಲವು ಐತಿಹಾಸಿಕ ಸಾಧನಗಳು

ನಮ್ಮ ನಾಡಿನ ಚರಿತ್ರೆಯನ್ನು ಬರೆದವರು ಅರಸುಮನೆತನಗಳ ವಂಶಾವಳಿ, ಯುದ್ಧಗಳ ಕಾಲನಿರ್ಣಯ, ದೇವಾಲಯಗಳ ಶಿಲ್ಪ ಇವುಗಳ ವಿಷಯದಲ್ಲಿ ಪಟ್ಟಷ್ಟು ಶ್ರಮವನ್ನು ಜನರ ಮುಪ್ಪಿನ ವಿಷಯದಲ್ಲಿ ಪಟ್ಟಿಲ್ಲ. ಮುದುಕರು ಯಾವ ಕಾಲದಲ್ಲಿಯೂ ಇದ್ದರು. ಮಕ್ಕಳುಮರಿಗಳುಳ್ಳವರು ಮನೆಯಲ್ಲಿ ಕಣ್ಣು ಮುಚ್ಚಿದರು. ಇಲ್ಲದವರು ಎಲ್ಲಿ ಮಲಗಿದರು, ಅವರಿಗೆ ಯಾರು ನೀರು ಕೊಟ್ಟರು, ಕೊಟ್ಟವರು ಅವರನ್ನು ಹೆಸರು ಹಿಡಿದು ಕರೆದರೋ ಇಲ್ಲವೋ ಎಂಬ ಪ್ರಶ್ನೆಗಳು ಇತಿಹಾಸಕ್ಕೆ ಸೇರತಕ್ಕವೆಂದು ನಮಗೆ ತೋರಿಲ್ಲ. ಹುಬ್ಬಳ್ಳಿ-ಧಾರವಾಡದಂಥ ಪಟ್ಟಣದಲ್ಲಿ ಇಂದು ಈ ಪ್ರಶ್ನೆಯು ತಾನಾಗಿಯೇ ಏಳುತ್ತದೆ. ೨೦೧೧ನೆಯ ಜನಗಣತಿಯಂತೆ ಕರ್ನಾಟಕದಲ್ಲಿ ೬೦ ವರ್ಷ ತುಂಬಿದವರು ನೂರಕ್ಕೆ ಸುಮಾರು ೯.೫ ಮಂದಿ ಇದ್ದರು. ಧಾರವಾಡವಂತೂ ಪೆನ್ಶನ್ ಪಡೆದವರ ಊರೆಂದು ಬಹುಕಾಲದಿಂದ ಹೆಸರಾದದ್ದು. ಮಕ್ಕಳು ಬೆಂಗಳೂರು, ಪುಣೆ, ಪರದೇಶಗಳನ್ನು ಸೇರಿದ ಮೇಲೆ ಹಿರಿಯರು ವೃದ್ಧಾಶ್ರಮ ಸೇರುವದು ಈಗ ಅಪರೂಪದ ಸಂಗತಿಯಲ್ಲ. ಅಲ್ಲಿ ಅವರಿಗೆ ಅನ್ನ, ಹಾಸಿಗೆ, ಔಷಧ ದೊರೆತರೆ ಸಾಕೆ, ಅಥವಾ ಒಬ್ಬೊಬ್ಬರ ಸ್ವಭಾವ, ರೂಢಿ, ಇಷ್ಟಾನಿಷ್ಟಗಳನ್ನು ಅರಿತು ಉಪಚರಿಸಬೇಕೆ ಎಂಬ ವಾದವನ್ನು ಪಶ್ಚಿಮದ ವೈದ್ಯರು ಕಳೆದ ಐವತ್ತು ವರ್ಷಗಳಲ್ಲಿ ಎತ್ತಿದ್ದಾರೆ. ಈ ವಾದದ ಬೇರುಗಳು ನಮ್ಮ ಸಾಧನಗಳಲ್ಲಿ ಎಷ್ಟರಮಟ್ಟಿಗೆ ಕಾಣುವವೆಂಬದನ್ನು ನೋಡುವದು ಪ್ರಕೃತ ಲೇಖನದ ಉದ್ದೇಶವು.

ಮೊದಲು ಧರ್ಮಶಾಸ್ತ್ರವನ್ನು ತೆಗೆದುಕೊಳ್ಳೋಣ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಮುಪ್ಪಿನ ತಂದೆತಾಯಿಗಳು, ಸಾಧ್ವಿಯಾದ ಹೆಂಡತಿ, ಎಳೆಯ ಮಗು ಇವರನ್ನು ನೂರು ಅಕಾರ್ಯಗಳನ್ನು ಮಾಡಿಯಾದರೂ ಸಾಕತಕ್ಕದ್ದೆಂದು ಮನುವಿನ ಹೆಸರಿನಲ್ಲಿ ಬರುವ ವಚನವೊಂದು ಈ ಸಂಪ್ರದಾಯದಲ್ಲಿ ಪ್ರಮಾಣವಾಗಿದೆ. ಬ್ರಿಟಿಷ್ ನ್ಯಾಯಾಲಯಗಳು ಹಿಂದೂ ಕುಟುಂಬದ ಜೀವನಾಂಶವನ್ನು ನಿರ್ಣಯಿಸುವಾಗ ಈ ಮಾತನ್ನು ಆಧರಿಸಿದವು. ೧೯೫೬ರ ಹಿಂದೂ ದತ್ತಕ ಮತ್ತು ಜೀವನಾಂಶದ ಕಾಯದೆಯೂ ವೃದ್ಧ ತಂದೆತಾಯಿಗಳ ಪೋಷಣೆಯನ್ನು ಮಕ್ಕಳ ಮೇಲೆ ಹೊರಿಸಿತು. ವಚನವು ದೊಡ್ಡದೇ ಸರಿ. ಆದರೆ ಅದು ಹೇಳುವದು ಸಾಕುವ ಹೊಣೆಯನ್ನು, ಸಾಕುವ ಬಗೆಯನ್ನಲ್ಲ. ಕೋಣೆಯ ಮೂಲೆಯಲ್ಲಿ ಎರಡು ಹೊತ್ತು ತಾಟು ಸರಿಸಿದ ಮಗನೂ ಶಾಸ್ತ್ರದ ದೃಷ್ಟಿಯಿಂದ ಋಣಮುಕ್ತನೇ ಆಗಬಹುದು.

ಮಕ್ಕಳಿಲ್ಲದವರ ಗತಿಯೇನು? ಇದಕ್ಕೆ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಸಂಬಂಧಿಸಿದ ಕೋಡಿಯಮಠದ ಶಾಸನವು ಉತ್ತರ ಕೊಡುತ್ತದೆ. ಬಳ್ಳಿಗಾವಿಯು ಇಂದು ಶಿವಮೊಗ್ಗ ಜಿಲ್ಲೆಗೆ ಸೇರಿದ್ದರೂ ಧಾರವಾಡ ಸೀಮೆಗೂ ಆ ಬನವಾಸಿ ನಾಡಿಗೂ ಇದ್ದ ಸಂಬಂಧವು ವಾಚಕರಿಗೆ ತಿಳಿದದ್ದೇ ಆಗಿದೆ. ಕಳಚುರಿ ಬಿಜ್ಜಳನ ಕಾಲದ, ಕ್ರಿ. ಶ. ೧೧೬೨ರ ಈ ಶಾಸನವನ್ನು ರೈಸ್ ಸಾಹೇಬರು ಎಪಿಗ್ರಾಫಿಯಾ ಕರ್ನಾಟಿಕದ ೭ನೆಯ ಸಂಪುಟದಲ್ಲಿ ಶಿಕಾರಿಪುರ ೧೦೨ ಎಂದು ಪ್ರಕಟಿಸಿದರು. ಕಾಳಾಮುಖರ ಆ ಮಠವು ನಾಲ್ಕು ವೇದಗಳ, ವ್ಯಾಕರಣಗಳ, ದರ್ಶನಗಳ ವ್ಯಾಖ್ಯಾನಸ್ಥಾನವೆಂದು ಹೇಳಿದ ಬಳಿಕ ಶಾಸನಕಾರನು ಅದೇ ಉಸುರಿನಲ್ಲಿ ಅದು ದೀನರಿಗೆ, ಅನಾಥರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅನ್ನವಿಕ್ಕುವ ಎಡೆಯೆಂದೂ ಅನಾಥ ರೋಗಿಗಳಿಗೆ ಮದ್ದು ಮಾಡುವ ಎಡೆಯೆಂದೂ ಸಕಲ ಪ್ರಾಣಿಗಳಿಗೆ ಅಭಯಸ್ಥಾನವೆಂದೂ ವರ್ಣಿಸುತ್ತಾನೆ. ಇದನ್ನು ವಿದ್ಯಾಪೀಠವೆಂದು ಕೊಂಡಾಡಿದವರು ಬಹಳ; ಆಸ್ಪತ್ರೆಯೆಂದವರು ಕೆಲವರು. ನನಗೆ ಮುಖ್ಯವಾಗಿ ತೋರುವದು ಬೇರೊಂದು ಅಂಶ. ಅನ್ನವನ್ನು ಪಡೆಯುವವರ ಆ ಪಟ್ಟಿಯಲ್ಲಿ ಕುರುಡರ ಕುಂಟರ ಜೊತೆಗೆ ಕಥೆ ಹೇಳುವವರೂ ಹಾಡುವವರೂ ವಾದ್ಯ ನುಡಿಸುವವರೂ ಸೇರಿದ್ದಾರೆ. ಇವರು ಆ ರೋಗಿಗಳ ಮನೋರಂಜನೆಗೆಂದೇ ನೇಮಕವಾದವರೆಂದು ಶಾಸನವು ಹೇಳುವದಿಲ್ಲ. ಹಾಗೆ ಊಹಿಸುವದು ಅತಿಯಾದೀತು. ಆದರೂ ನಡೆಯಲಾರದ ಮುದುಕನೂ ಓದುವ ವಿದ್ಯಾರ್ಥಿಯೂ ಹಾಡುವ ಕಲಾವಿದನೂ ಒಂದೇ ಮಠದ ಅನ್ನವನ್ನು ಉಣ್ಣುತ್ತಿದ್ದರೆಂಬದಿಷ್ಟು ನಿಶ್ಚಯ. ಮುಪ್ಪಿನವರನ್ನೆಲ್ಲ ಊರಾಚೆ ಒಂದೇ ಕಟ್ಟಡದಲ್ಲಿ ಕೂಡಿಸುವ ಪದ್ಧತಿಯನ್ನು ಈ ಶಾಸನವು ಅರಿಯದು.

ಒಬ್ಬೊಬ್ಬನ ಮನಸ್ಸನ್ನು ಅರಿತು ಸೇವೆ ಮಾಡುವ ವಿಚಾರವು ಇದಕ್ಕಿಂತ ಸ್ಪಷ್ಟವಾಗಿ ಕಾಣುವದು ಜೈನರಲ್ಲಿ. ರೋಗಿ, ತಪಸ್ವಿ ಮೊದಲಾದವರ ಸೇವೆಗೆ ಅವರು ವೈಯಾವೃತ್ತ್ಯವೆಂದು ಹೆಸರಿಟ್ಟು ಅದನ್ನು ಪುಣ್ಯಕಾರ್ಯವೆಂದಷ್ಟೇ ಅಲ್ಲ, ಅಂತರಂಗ ತಪಸ್ಸೆಂದೇ ಎಣಿಸಿದರು. ಉಪವಾಸಕ್ಕಿಂತ ಹಾಸಿಗೆ ಹಿಡಿದವನ ಮೈ ಒರೆಸುವದು ಒಳಗಿನ ತಪಸ್ಸಾಗಿದ್ದಿತು. ಸಲ್ಲೇಖನಕ್ಕೆ ಸಮಂತಭದ್ರರು ಹೇಳಿದ ಕಾರಣಗಳಲ್ಲಿ ಉಪಸರ್ಗ, ದುರ್ಭಿಕ್ಷ, ಪರಿಹಾರವಿಲ್ಲದ ರೋಗ ಇವುಗಳೊಡನೆ ಮುಪ್ಪೂ ಒಂದು. ಈ ವ್ರತವನ್ನು ಹಿಡಿದ ಕ್ಷಪಕನ ಉಪಚಾರವನ್ನು ಶಿವಾರ್ಯರ ಭಗವತೀ ಆರಾಧನೆಯು ಬಹು ವಿಸ್ತಾರವಾಗಿ ವಿವರಿಸುತ್ತದೆ. ನಮ್ಮ ಹಳೆಯ ಗದ್ಯಗ್ರಂಥವಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳು ಈ ಗ್ರಂಥದ ಗಾಹೆಗಳನ್ನೇ ಆಧರಿಸಿರುವದರಿಂದ ಕನ್ನಡಿಗರಿಗೆ ಈ ಸಂಪ್ರದಾಯವು ಹೊರಗಿನದಲ್ಲ. ಆ ಗ್ರಂಥದಂತೆ ಒಬ್ಬ ಕ್ಷಪಕನಿಗೆ ನಲವತ್ತೆಂಟು ಮಂದಿ ನಿರ್ಯಾಪಕರು. ಅವರಲ್ಲಿ ನಾಲ್ವರು ಅವನನ್ನು ಏಳಿಸಿ ಕುಳ್ಳಿರಿಸಿ ಮಗ್ಗುಲು ಬದಲಿಸುವವರು. ನಾಲ್ವರು ಧರ್ಮಕಥೆ ಹೇಳುವವರು. ನಾಲ್ವರು ಆಹಾರ ತರುವವರು, ನಾಲ್ವರು ಪಾನ ತರುವವರು. ನಾಲ್ವರು ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶುದ್ಧಗೊಳಿಸುವವರು. ನಾಲ್ವರು ಬಾಗಿಲು ಕಾಯುವವರು. ನಾಲ್ವರು ರಾತ್ರಿ ಎಚ್ಚರವಿರುವವರು. ಅಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಕಾಲಾನುಸಾರವಾಗಿ ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆ ಸಲ್ಲದು. ಯಾಕಂದರೆ ಒಬ್ಬನೇ ಇದ್ದರೆ ಅವನು ಭಿಕ್ಷೆಗೆ ಹೋದಾಗ ಕ್ಷಪಕನು ಒಂಟಿಯಾಗುವನು. ಈ ಒಂದು ಕಾರಣವನ್ನು ಓದಿದಾಗ ಗ್ರಂಥಕಾರನು ಹಾಸಿಗೆಯ ಬಳಿಯಲ್ಲಿ ಕುಳಿತು ನೋಡಿದವನೇ ಇರಬೇಕೆಂದು ಅನಿಸುತ್ತದೆ. ಹಾಸಿಗೆಯೂ ಮಣ್ಣಿನದೋ, ಕಲ್ಲಿನದೋ, ಹಲಗೆಯದೋ, ಹುಲ್ಲಿನದೋ ಎಂಬ ವಿಚಾರವಿದೆ.

ಇಲ್ಲಿ ಒಂದು ಎಚ್ಚರಿಕೆಯು ಅವಶ್ಯ. ಇದು ವ್ರತಿಗಳ ಮರಣಕ್ಕೆ ಸಂಬಂಧಿಸಿದ ವಿಧಿಯೇ ಹೊರತು ಸಾಮಾನ್ಯ ಮುದುಕರ ಪಾಲನೆಯ ನಿಯಮವಲ್ಲ. ಎಲ್ಲ ಕಡೆಗೂ ನಲವತ್ತೆಂಟು ಮಂದಿ ನೆರೆದರೆಂದು ನಂಬುವ ಕಾರಣವೂ ಇಲ್ಲ. ಆದರೆ ಧಾರವಾಡ ಸೀಮೆಯಲ್ಲಿ ಅಲ್ಲಲ್ಲಿ ನಿಂತಿರುವ ನಿಸಿಧಿಗಲ್ಲುಗಳು ಹೆಸರು ಹಿಡಿದು, ತಿಥಿವಾರಗಳೊಡನೆ, ಒಬ್ಬೊಬ್ಬರ ಮುಡಿಪನ್ನು ಬರೆದಿಡುತ್ತವೆ. ಅರಸರಲ್ಲದವರ ಕಡೆಗಾಲವನ್ನು ಇಷ್ಟು ಆದರದಿಂದ ದಾಖಲೆ ಮಾಡಿದ ಸಾಧನವು ನಮ್ಮಲ್ಲಿ ಮತ್ತೊಂದಿಲ್ಲ.

ಪೇಶವೆಗಳ ಪತನಾನಂತರ ೧೮೧೮ರಲ್ಲಿ ಧಾರವಾಡವು ಇಂಗ್ಲಿಷರ ಕೈಸೇರಿತು. ಅಲ್ಲಿಂದ ಮುಂದೆ ದಾಖಲೆಗಳು ಹೆಚ್ಚುತ್ತವೆ, ಹೆಸರುಗಳು ಕಡಿಮೆಯಾಗುತ್ತವೆ. ಧಾರವಾಡದಲ್ಲಿ ೧೮೪೫ರಲ್ಲಿ ಹುಚ್ಚರ ಆಸ್ಪತ್ರೆಯು ಸ್ಥಾಪಿತವಾಯಿತು. ಇಂದಿನ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯು ಅದರ ಉತ್ತರಾಧಿಕಾರಿ. ೧೮೫೮ರ ಕಾಯದೆಯ ತರುವಾಯ ಮುಂಬಯಿ ಇಲಾಖೆಯ ಇಂಥ ಆಸ್ಪತ್ರೆಗಳ ವಾರ್ಷಿಕ ವರದಿಗಳು ಅಚ್ಚಾಗತೊಡಗಿದವು. ವಯಸ್ಸು, ಜಾತಿ, ಕಸಬು, ರೋಗದ ಕಾರಣ, ತಲೆಗೆ ತಗಲಿದ ಖರ್ಚು ಇವೆಲ್ಲ ಅಲ್ಲಿ ಕೋಷ್ಟಕಗಳಲ್ಲಿ ಅಂದವಾಗಿ ನಿಂತಿವೆ. ಸ್ಮೃತಿಭ್ರಂಶಕ್ಕೆ ಗುರಿಯಾದ ಮುದುಕರನ್ನೂ ಆ ಕಾಲದ ವೈದ್ಯರು ಇದೇ ಛಾವಣಿಯ ಕೆಳಗೆ ಇಡುತ್ತಿದ್ದರು. ಕೋಷ್ಟಕ ಬರೆದವರನ್ನು ಹಳಿಯಲಾಗದು. ಲೆಕ್ಕವಿಲ್ಲದೆ ಸುಧಾರಣೆಯೂ ಇಲ್ಲ. ಆದರೆ ನಿಸಿಧಿಗಲ್ಲು ಹೇಳುವದನ್ನು ಈ ಕೋಷ್ಟಕವು ಹೇಳಲಾರದು.

೧೮೭೬–೭೮ರ ಬರವು ಈ ಸೀಮೆಯಲ್ಲಿ ವೃದ್ಧರ ಪ್ರಶ್ನೆಯನ್ನು ಸರಕಾರದ ಮುಂದೆ ನೇರವಾಗಿ ತಂದಿತು. ದುಡಿಯಬಲ್ಲವರಿಗೆ ಕೆಲಸ, ದುಡಿಯಲಾರದ ಮುದುಕರು, ಕುರುಡರು, ಅಂಗವಿಕಲರು ಇವರಿಗೆ ಧರ್ಮಾರ್ಥ ಸಹಾಯ ಎಂಬದು ನೀತಿ. ಆ ಸಹಾಯವನ್ನು ಬಡವರ ಮನೆಯೆಂಬ ಆವರಣದೊಳಗೆ ಬೇಯಿಸಿದ ಅನ್ನದ ರೂಪವಾಗಿ ಕೊಡಬೇಕೋ, ಅವರವರ ಹಳ್ಳಿಯಲ್ಲಿಯೇ ಕಾಳಿನ ಅಥವಾ ಹಣದ ರೂಪವಾಗಿ ಕೊಡಬೇಕೋ ಎಂಬ ಚರ್ಚೆಯು ನಡೆಯಿತು. ಆವರಣದೊಳಗೆ ಬರಲು ಜನರು ಅಂಜಿದರು; ಜಾತಿಯ ಭಯವೂ ಇತ್ತು, ಮಾನದ ಭಯವೂ ಇತ್ತು. ೧೮೮೦ರ ಕ್ಷಾಮ ಆಯೋಗವು ಗ್ರಾಮದಲ್ಲಿಯೇ ಪರೀಕ್ಷಿಸಿ ಸಹಾಯ ಹಂಚುವ ಕ್ರಮಕ್ಕೆ ಒಲಿಯಿತು; ೧೮೮೩ರ ಕ್ಷಾಮಸಂಹಿತೆಯು ಅದನ್ನು ನಿಯಮವಾಗಿ ಮಾಡಿತು. ಮುದುಕಿಯು ತನ್ನ ಮನೆಯ ಒಲೆಯ ಮೇಲೆ ತಾನೇ ಅಂಬಲಿ ಕಾಸಿಕೊಳ್ಳುವ ಹಕ್ಕು ಹೀಗೆ ಒಂದು ಆಯೋಗದ ಪುಟಗಳಲ್ಲಿ ಗೆದ್ದಿತು. ಇದನ್ನು ಕರುಣೆಗಿಂತ ಮಿತವ್ಯಯವೇ ಗೆಲ್ಲಿಸಿತೆಂದು ಯಾರಾದರೂ ವಾದಿಸಿದರೆ ನಾನು ಬಲವಾಗಿ ವಿರೋಧಿಸಲಾರೆ.

ವೃದ್ಧರಿಗೆಂದೇ ಬೇರೆ ಮನೆ ಕಟ್ಟುವ ಪದ್ಧತಿಯು ನಮ್ಮಲ್ಲಿಗೆ ಕ್ರೈಸ್ತ ಸಂನ್ಯಾಸಿನಿಯರಿಂದ ಬಂದಿತು. ೧೮೩೯ರಲ್ಲಿ ಫ್ರಾನ್ಸಿನ ಬ್ರಿಟನಿಯಲ್ಲಿ ಜೀನ್ ಜುಗಾನ್ ಎಂಬ ಬಡ ಹೆಂಗಸು ಒಬ್ಬ ಕುರುಡ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಆಕೆಯ ಸಂಘದವರು ೧೮೮೨ರಲ್ಲಿ ಕಲಕತ್ತೆಯಲ್ಲಿಯೂ ೧೯೦೦ರಲ್ಲಿ ಬೆಂಗಳೂರಿನಲ್ಲಿಯೂ ವೃದ್ಧಾಲಯಗಳನ್ನು ತೆರೆದರು. ಇದಕ್ಕೂ ಬಹು ಮುಂಚೆ, ೧೮೩೪ರಲ್ಲಿಯೇ, ಮುಂಬಯಿಯಲ್ಲಿ ಮುದಿ ದನಗಳಿಗೆ ಪಾಂಜರಾಪೋಳವಿತ್ತೆಂಬದನ್ನು ನೆನೆದರೆ ಸ್ವಲ್ಪ ಸಂಕೋಚವಾಗದಿರದು. ಮನುಷ್ಯರ ಮುಪ್ಪು ಮನೆಯೊಳಗಿನ ಸಂಗತಿಯೆಂಬ ನಂಬಿಕೆಯು ಅಷ್ಟು ಗಟ್ಟಿಯಾಗಿದ್ದಿತು. ಹುಬ್ಬಳ್ಳಿಯ ಸಿದ್ಧಾರೂಢ ಮಠದಂಥ ದಾಸೋಹದ ಮಠಗಳು ಅನಾಥ ಮುದುಕರಿಗೆ ಅನ್ನದ ಆಸರೆಯಾದವು. ವಿಶೇಷ ಏರ್ಪಾಡೆಂಬದೇನೂ ಬೇಕೆಂದು ಯಾರೂ ತಿಳಿಯಲಿಲ್ಲ.

ಪಶ್ಚಿಮದಲ್ಲಿ ಈ ವೃದ್ಧಾಲಯಗಳು ಬೆಳೆದು ಆಸ್ಪತ್ರೆಗಳಂತಾದವು. ಗಂಟೆ ಬಾರಿಸಿದರೆ ಏಳುವದು, ಗಂಟೆ ಬಾರಿಸಿದರೆ ಉಣ್ಣುವದು, ಬೀಳುವರೆಂಬ ಭಯದಿಂದ ಕುರ್ಚಿಗೆ ಕಟ್ಟುವದು. ಅಮೇರಿಕೆಯ ೧೯೮೭ರ ಕಾಯದೆಯು ಕಟ್ಟುವದನ್ನು ನಿರ್ಬಂಧಿಸಿ, ಪ್ರತಿಯೊಬ್ಬ ನಿವಾಸಿಗೂ ಬೇರೆ ಬೇರೆ ಶುಶ್ರೂಷಾಯೋಜನೆಯನ್ನು ಬರೆಯಬೇಕೆಂದಿತು. ೧೯೯೧ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಸಣ್ಣ ಊರೊಂದರಲ್ಲಿ ಬಿಲ್ ಥಾಮಸ್ ಎಂಬ ವೈದ್ಯನು ತನ್ನ ವೃದ್ಧಾಲಯಕ್ಕೆ ಎರಡು ನಾಯಿ, ನಾಲ್ಕು ಬೆಕ್ಕು, ನೂರು ಹಕ್ಕಿಗಳನ್ನು ತರಿಸಿದನು. ಒಂಟಿತನ, ಬೇಸರ, ನಿಸ್ಸಹಾಯಕತೆ ಇವು ಮೂರೇ ಅಲ್ಲಿಯ ದೊಡ್ಡ ರೋಗಗಳೆಂದು ಅವನ ಮತ. ಇಂಗ್ಲೆಂಡಿನ ಟಾಮ್ ಕಿಟ್‌ವುಡ್ ೧೯೯೭ರ ತನ್ನ ಗ್ರಂಥದಲ್ಲಿ ವ್ಯಕ್ತಿತ್ವವೆಂಬದು ಸ್ಮೃತಿಯೊಡನೆ ಅಳಿಯುವ ವಸ್ತುವಲ್ಲ, ಸುತ್ತಲಿನವರು ಸಂಬಂಧದ ಮೂಲಕ ಕೊಡುವ ಸ್ಥಾನವೆಂದು ಪ್ರತಿಪಾದಿಸಿದನು. ರೋಗಿಯ ಎದುರಿನಲ್ಲಿಯೇ ಅವನು ಇಲ್ಲದವನಂತೆ ಮಾತನಾಡುವದು, ಮುದುಕನನ್ನು ಮಗುವಿನಂತೆ ಗದರುವದು, ಇವು ರೋಗವನ್ನು ಹೆಚ್ಚಿಸುವವೆಂದು ತೋರಿಸಿದನು. ಬೆಂಗಳೂರಿನಲ್ಲಿ ೧೯೯೮ರಲ್ಲಿ ಸ್ಥಾಪಿತವಾದ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಸ್ಮೃತಿಭ್ರಂಶವುಳ್ಳವರಿಗಾಗಿಯೇ ಕೇಂದ್ರವನ್ನು ತೆರೆದದ್ದು ಈ ವಿಚಾರಧಾರೆಯ ಫಲವೇ.

ನಮ್ಮ ದೇಶದ ೨೦೦೭ರ ತಂದೆತಾಯಿಗಳ ಮತ್ತು ಹಿರಿಯ ನಾಗರಿಕರ ಪೋಷಣೆಯ ಕಾಯದೆಯು ಮಿತಾಕ್ಷರೆಯ ಹೊಣೆಯನ್ನು ವಿಸ್ತರಿಸಿ ಅನ್ನವಸ್ತ್ರಗಳೊಡನೆ ವಸತಿ, ವೈದ್ಯೋಪಚಾರಗಳನ್ನೂ ಪೋಷಣೆಯಲ್ಲಿ ಸೇರಿಸಿತು. ಅದರ ೧೯ನೆಯ ಕಲಮಿನಂತೆ ಸಂಸ್ಥಾನ ಸರಕಾರವು ಜಿಲ್ಲೆಗೊಂದರಂತೆ ನಿರ್ಗತಿಕ ವೃದ್ಧರಿಗಾಗಿ ಆಶ್ರಮಗಳನ್ನು ಸ್ಥಾಪಿಸಬಹುದು. ಒಂದೊಂದರಲ್ಲಿ ಕನಿಷ್ಠ ೧೫೦ ಮಂದಿಗೆ ಸ್ಥಳವಿರಬೇಕು. ಕಾಯದೆಯು ಹೀಗೆ ನಿವಾಸಿಗಳ ಸಂಖ್ಯೆಗೆ ಕೆಳಗಿನ ಮಿತಿಯನ್ನು ಹಾಕಿತು. ಭಗವತೀ ಆರಾಧನೆಯು ಕೆಳಗಿನ ಮಿತಿಯನ್ನು ಹಾಕಿದ್ದು ಸೇವಕರ ಸಂಖ್ಯೆಗೆ. ಧಾರವಾಡ ಜಿಲ್ಲೆಯ ಯಾವ ಆಶ್ರಮವಾದರೂ ತನ್ನ ನಿಯಮಾವಳಿಯನ್ನು ಬರೆಯುವಾಗ ಈ ಎರಡನೆಯ ಲೆಕ್ಕವನ್ನೂ ಗಮನಿಸಬೇಕೆಂದು ನನ್ನ ಅಭಿಪ್ರಾಯ: ರಾತ್ರಿ ಎಚ್ಚರವಿರುವವರು ಎಷ್ಟು ಮಂದಿ, ಮಗ್ಗುಲು ಬದಲಿಸುವವರು ಎಷ್ಟು ಮಂದಿ, ಕುಳಿತು ಮಾತನಾಡುವವರು ಯಾರು. ಪ್ರವೇಶದ ಪುಸ್ತಕದಲ್ಲಿ ವಯಸ್ಸು ರೋಗಗಳ ಜೊತೆಗೆ ಬಂದವರ ಕಸಬು, ಅವರು ಏಳುವ ಹೊತ್ತು, ರೊಟ್ಟಿಯೋ ನುಚ್ಚೋ ಎಂಬ ರೂಢಿ, ಯಾವ ಹೆಸರಿನಿಂದ ಕರೆಸಿಕೊಳ್ಳಲು ಬಯಸುವರೆಂಬದು ಇವನ್ನೂ ಬರೆದುಕೊಳ್ಳಲು ಖರ್ಚೇನೂ ಇಲ್ಲ.

ಈ ವಿಷಯದ ಸಾಧನಗಳು ಇನ್ನೂ ಬಹಳ ಉಳಿದಿವೆ. ಧಾರವಾಡದ ಆಸ್ಪತ್ರೆಯ ಹಳೆಯ ವರದಿಗಳನ್ನು ಮುಪ್ಪಿನ ದೃಷ್ಟಿಯಿಂದ ಓದುವ ಕೆಲಸವು ಆಗಬೇಕಾಗಿದೆ. ಮನೆತನಗಳ ಕಡತಗಳಲ್ಲಿ, ಮಠಗಳ ಖರ್ಚಿನ ಲೆಕ್ಕಗಳಲ್ಲಿ ಮುದುಕರಿಗೆ ಕೊಟ್ಟ ಧಾನ್ಯ, ಹೊದಿಕೆ, ಔಷಧಗಳ ನಮೂದುಗಳು ದೊರೆಯುವ ಸಂಭವವಿದೆ. ಅಂಥವು ಯಾವ ವಾಚಕರ ಬಳಿಯಲ್ಲಿದ್ದರೂ ಅವುಗಳ ನಕಲನ್ನು ಈ ಪತ್ರಿಕೆಗೆ ಕಳಿಸಬೇಕೆಂದು ಪ್ರಾರ್ಥಿಸುತ್ತೇನೆ.